ಹಾಡಿನ ಅಡಿಯ ಸ್ವರ

ಕಡಿಯಾಳಿಯ ದೇವಸ್ಥಾನ ದಾಟಿ ಮಣಿಪಾಲದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಅಣ್ಣು ಪೂಜಾರಿಯ ಅಂಗಡಿ ಇದೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ನಡುವೆ ಒಂದು ಬಾಗಿಲು, ಬಾಗಿಲಿಗೊಂದು ಪರದೆ. 'ಟಿ.ವಿ., ವಿ.ಸಿ.ಆರ್., ವಿಡಿಯೊ ಕ್ಯಾಮೆರಾ ರಿಪೇರಿ' ಎಂದು ಬೋರ್ಡು ಬರೆಸಿ ಇಪ್ಪತ್ತು ವರ್ಷ ದಾಟಿತು. ವಿ.ಸಿ.ಆರ್. ಎಂದರೆ ಏನೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ, ಆದರೂ ಅಣ್ಣು ಆ ಮೂರಕ್ಷರವನ್ನು ಅಳಿಸಲಿಲ್ಲ. ಅಳಿಸಿದರೆ ತಾನು ಕಲಿತ ವಿದ್ಯೆಯಲ್ಲಿ ಮುಕ್ಕಾಲು ಪಾಲು ಹೋದಂತೆ ಎಂದು ಅವನಿಗೆ ಅನಿಸುತ್ತಿತ್ತು.

ಆ ಅಂಗಡಿಗೆ ಹಾಳಾದ ಸಾಮಾನಿಗಿಂತ ಹೆಚ್ಚು ಬರುವುದು ಪ್ರಶ್ನೆಗಳು. ಚಿತ್ರ ಉಂಟು ಸ್ವರ ಇಲ್ಲ, ಎಂತ ಆಗಿರಬಹುದು? ಸ್ವರ ಉಂಟು, ಚಿತ್ರವೆಲ್ಲ ನೀಲಿ, ಯಾಕೆ? ಹಳೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿದರೆ ಮದುಮಗಳು ಇನ್ನೂ ಸ್ವಲ್ಪ ಬೆಳ್ಳಗೆ ಕಾಣಬಹುದಾ? ಬಸ್ಸಿಗೆ ಹೋಗುವವರು ಬಸ್ಸು ಬರುವವರೆಗೆ ಒಂದು ಪ್ರಶ್ನೆ ಕೇಳಿ ಹೋಗುತ್ತಾರೆ. ಡಾಕ್ಟರ ಹತ್ತಿರ ಆಗಿದ್ದರೆ ಚೀಟಿ ಮಾಡಿಸಬೇಕಿತ್ತು, ಇಲ್ಲಿ ಪುಕ್ಕಟೆ. ಅಣ್ಣು ಬೆಸುಗೆ ಹಾಕುತ್ತಿದ್ದ ಕೈಯನ್ನು ನಿಲ್ಲಿಸದೆ, ತಲೆ ಎತ್ತದೆ ಉತ್ತರ ಹೇಳುತ್ತಿದ್ದ. ಕೊನೆಗೆ ಬೇಸತ್ತು ಒಂದು ರಟ್ಟಿನ ಮೇಲೆ ಆರು ಉತ್ತರಗಳನ್ನು ಹೆಂಡತಿ ಕುಶಲಾಳ ಕೈಯಲ್ಲಿ ದುಂಡಗೆ ಬರೆಸಿ ಬಾಗಿಲಿಗೆ ತೂಗುಹಾಕಿದ. ಮೊದಲನೆಯದು, 'ರಿಮೋಟಿಗೆ ಹೊಸ ಸೆಲ್ ಹಾಕಿ ನೋಡಿದ್ದೀರಾ?' ಐದನೆಯದು, 'ಮದುವೆ ಕ್ಯಾಸೆಟ್ಟಿಗೆ ಹಾಡು ಹಾಕಿದ ಮೇಲೆ ಮೊದಲಿನ ಮಾತು, ಸ್ವರ ಸಿಗುವುದಿಲ್ಲ. ದಯವಿಟ್ಟು ಕೇಳಬೇಡಿ.' ಜನ ಅದನ್ನು ನಿಂತು ಓದುತ್ತಾರೆ. ಓದಿ ಒಳಗೆ ಬಂದು, ಅದು ಹೌದಾ ಎಂದು ಕೇಳುತ್ತಾರೆ.

ಆ ಐದನೆಯ ಉತ್ತರವನ್ನು ಅಣ್ಣು ಪುಸ್ತಕ ಓದಿ ಬರೆಸಿದ್ದಲ್ಲ. ಕಾಪುವಿನಲ್ಲಿ ಹುಟ್ಟಿ ಬೆಳೆದು, ರೇಡಿಯೊ ಟಿವಿ ಮೆಕ್ಯಾನಿಕ್ ಓದು ಮುಗಿಸಿದವನಿಗೆ ಮೊದಲು ಸಿಕ್ಕಿದ ಕೆಲಸವೇ ಕಾರ್ಕಳದ ರೋನಿಯ ವಿಡಿಯೊ ಸ್ಟುಡಿಯೊದಲ್ಲಿ. ಬಹರೈನಿನಿಂದ ಬರುವಾಗ ರೋನಿ ಒಂದು ದೊಡ್ಡ ಕ್ಯಾಮೆರಾವನ್ನೂ ಎರಡು ವಿ.ಸಿ.ಆರ್.ಗಳನ್ನೂ ತಂದಿದ್ದ. ಕಾರ್ಯಕ್ರಮದಲ್ಲಿ ಕ್ಯಾಮೆರಾದ ಪಕ್ಕ ಲೈಟು ಹಿಡಿದು ನಿಲ್ಲುವುದು, ಆಮೇಲೆ ಸ್ಟುಡಿಯೊದ ಕೋಣೆಯಲ್ಲಿ ಕೂತು ಒಂದರಿಂದ ಇನ್ನೊಂದಕ್ಕೆ ಎಡಿಟ್ ಮಾಡಿ, ಅದರ ಮೇಲೆ ಸಿನಿಮಾ ಹಾಡು ತುಂಬಿಸುವುದು, ಇವು ಅಣ್ಣುವಿನ ಕೆಲಸ. ಇದಕ್ಕೆ ಅವರು ಮಿಕ್ಸಿಂಗ್ ಎನ್ನುತ್ತಿದ್ದರು. ಹಾರ ಹಾಕುವಾಗ ಒಂದು ಹಾಡು, ಊಟಕ್ಕೆ ಒಂದು, ಹೆಣ್ಣು ಒಪ್ಪಿಸುವಾಗ ಅಳುವ ಹಾಡು. ಪಾತ್ರೆಯ ಸದ್ದು, ಮಕ್ಕಳ ರಂಪ, ಯಾರದೋ ಕೆಮ್ಮು, ಇವೆಲ್ಲ ಯಾರಿಗೆ ಬೇಕು? "ಜನರ ಗಲಾಟೆ ಕೇಳ್ಲಿಕ್ಕೆ ದುಡ್ಡು ಕೊಡ್ತಾರಾ ಮಾರಾಯ?" ಎನ್ನುತ್ತಿದ್ದ ರೋನಿ. ಹನ್ನೊಂದು ವರ್ಷ ಅಣ್ಣು ಜನರ ಗಲಾಟೆಯ ಮೇಲೆ ಹಾಡು ಹೊದೆಸಿದ. ರೋನಿ ಸ್ಟುಡಿಯೊ ಮುಚ್ಚಿ ಸಂಸಾರ ಸಮೇತ ಕೆನಡಾಕ್ಕೆ ಹೋದ ಮೇಲೆ ಕಡಿಯಾಳಿಯಲ್ಲಿ ಈ ಅಂಗಡಿ ಇಟ್ಟ.

ಒಂದು ಸೋಮವಾರ ಬೆಳಿಗ್ಗೆ ಕಾಪುವಿನ ಡುಲ್ಸಿನ್ ಎಂಬ ಹೆಂಗಸು ಬಂದಳು. ಐವತ್ತು ದಾಟಿದ ಗಟ್ಟಿ ಆಳು, ಕೈಯಲ್ಲಿ ಬಟ್ಟೆಯಂಗಡಿಯ ಚೀಲ. ಬಾಗಿಲ ರಟ್ಟನ್ನು ಮೇಲಿಂದ ಕೆಳಗೆ ಓದಿದಳು. ಐದನೆಯದನ್ನು ಎರಡು ಸಲ ಓದಿದಳು. ಆಮೇಲೆ ಒಳಗೆ ಬಂದು ಚೀಲದಿಂದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟಳು.

"ಪೂಜಾರ್ರೇ, ಇದರ ಸ್ವರ ಬೇಕಿತ್ತು."

ಅಣ್ಣು ಕ್ಯಾಸೆಟ್ ತಿರುಗಿಸಿ ನೋಡಿದ. ರೋನಿಯ ಸ್ಟುಡಿಯೊದ ಲೇಬಲ್. ೧೯೯೬, ರೋಸ್ ಮತ್ತು ಮದುವೆ.

"ಇದಕ್ಕೆ ಮಿಕ್ಸಿಂಗ್ ಮಾಡಿದ್ದು ನಾನೇ ಅಕ್ಕ," ಎಂದ, ತುಸು ಜಂಬದಿಂದಲೇ. "ಹಾಡು ಹಾಕಿ ಆಗಿದೆ. ಅಡಿಯಲ್ಲಿ ಎಂತ ಇತ್ತೋ ಅದು ಹೋಯಿತು. ಸ್ಲೇಟಿನಲ್ಲಿ ಉಜ್ಜಿ ಬರೆದ ಹಾಗೆ. ಪೆನ್‌ಡ್ರೈವಿಗೆ ಹಾಕಿ ಕೊಡ್ತೇನೆ, ಚಿತ್ರ ಸಿಗ್ತದೆ."

"ಚಿತ್ರ ನನಗೆ ಬಾಯಿಪಾಠ ಉಂಟು," ಎಂದಳು ಡುಲ್ಸಿನ್. "ಮಾಂಯ್, ನನ್ನ ಅಮ್ಮ, ಹಾಡ್ಲಿಕ್ಕೆ ಶುರು ಮಾಡ್ತಾಳೆ. ನಿಲ್ಲಿಸ್ತಾಳೆ. ಎದ್ದು ಹೋಗ್ತಾಳೆ. ಅವಳು ಎಂತ ಹಾಡಿದಳು, ಯಾಕೆ ನಿಲ್ಲಿಸಿದಳು, ಅಷ್ಟು ಗೊತ್ತಾಗಬೇಕು ನನಗೆ."

ಕುರ್ಚಿ ಎಳೆದುಕೊಂಡು ಕೂತು ಅವಳು ಹೇಳಿದ್ದು ಇಷ್ಟು. ಅವಳ ತವರು ಕಾರ್ಕಳ. ತಾಯಿ ಜೆರ್ಟ್ರೂಡ್ ಬಾಯಮ್ಮ ಆ ಕಡೆಯಲ್ಲೆಲ್ಲ ಹೆಸರಾದ ಹಾಡುಗಾರ್ತಿ. ಮದುವೆಯ ಹಿಂದಿನ ದಿನದ ರೋಸಿನಲ್ಲಿ, ಮದುಮಗಳ ತಲೆಗೆ ತೆಂಗಿನಹಾಲು ಎರೆಯುವಾಗ, ಹೆಂಗಸರು ಕೊಂಕಣಿಯಲ್ಲಿ ವೊವಿಯೊ ಹಾಡುತ್ತಾರಲ್ಲ, ಜೆರ್ಟ್ರೂಡ್ ಬಾಯಮ್ಮ ಅದರಲ್ಲಿ ಎತ್ತಿದ ಕೈ. ಆಯಾ ಮದುಮಗಳ ಹೆಸರು, ಮನೆ, ಬಾವಿ, ಹಟ್ಟಿ ಎಲ್ಲ ಸೇರಿಸಿ ಅಲ್ಲೇ ನುಡಿ ಕಟ್ಟುತ್ತಿದ್ದಳು. ಊರವರ ಹೆಣ್ಣುಮಕ್ಕಳಿಗೆಲ್ಲ ಹಾಡಿ ಹರಸಿದವಳು ಸ್ವಂತ ಮಗಳ ರೋಸಿನಲ್ಲಿ ನಡುವೆ ಬಾಯಿ ಮುಚ್ಚಿ, ಎದ್ದು ಅಡುಗೆಮನೆಗೆ ಹೋದಳು. ಮತ್ತೆ ಚಪ್ಪರಕ್ಕೆ ಬರಲಿಲ್ಲ.

"ನನ್ನ ಗಂಡ ಮ್ಯಾಥ್ಯೂ ಆಗ ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್. ಮಾಂಯ್‌ಗೆ ಗಲ್ಫಿನ ಅಳಿಯ ಬೇಕಿತ್ತು. ಒಲ್ಲದ ಮನಸ್ಸಿನಿಂದ ಒಪ್ಪಿದ್ದು. ರೋಸಿನಲ್ಲಿ ನುಡಿ ಅರ್ಧಕ್ಕೆ ನಿಲ್ಲಿಸಿದ್ರೆ ಹರಸ್ಲಿಕ್ಕೆ ಮನಸ್ಸಿಲ್ಲ ಅಂತಲೇ ಅರ್ಥ, ಅದು ನಮ್ಮವರಿಗೆಲ್ಲ ಗೊತ್ತುಂಟು. ಬೇಕಂತಲೇ ಬಾಯಿ ಕಟ್ಟಿದಳು ಅಂತ ಅತ್ತಿಗೆ ಹೇಳಿದಳು. ಎಲ್ಲರೂ ಹಾಗೆಯೇ ಹೇಳಿದರು. ನನಗೆ ಕಿವಿಯಲ್ಲಿ, ಕಣ್ಣಲ್ಲಿ ತೆಂಗಿನಹಾಲು. ಏನೂ ಕೇಳಲಿಲ್ಲ. ಕಣ್ಣು ಬಿಡುವಾಗ ಅವಳು ಇಲ್ಲ."

ತಾಯಿ ತೀರಿಹೋಗಿ ನಾಲ್ಕು ವರ್ಷ. ಈಗ ಡುಲ್ಸಿನಳ ಮಗಳು ಗ್ಲೋರಿಯಾಳ ರೋಸು, ಬರುವ ಶನಿವಾರ. ತಾಯಿಯಾದವಳು ಒಂದು ನುಡಿ ಹಾಡಲೇಬೇಕು ಎಂದು ಬೀಗರು ಹೇಳಿ ಕಳಿಸಿದ್ದಾರೆ. ಡುಲ್ಸಿನಳಿಗೆ ಬಾಯೇ ಬರುತ್ತಿಲ್ಲ.

"ಅವಳು ನನ್ನನ್ನು ಹರಸಿದಳಾ ಇಲ್ಲವಾ ಗೊತ್ತಿಲ್ಲದೆ ನಾನು ಮಗಳನ್ನು ಹೇಗೆ ಹರಸುವುದು, ನೀವೇ ಹೇಳಿ."

ಇದು ರಟ್ಟಿನ ಮೇಲೆ ಉತ್ತರ ಬರೆಸಿ ತೂಗುಹಾಕುವ ಪ್ರಶ್ನೆಯಾಗಿರಲಿಲ್ಲ. ಸಿಗುವುದಿಲ್ಲ ಅಕ್ಕ ಎಂದು ಅಣ್ಣು ಮತ್ತೊಮ್ಮೆ ಹೇಳಿದ. ಅವಳು ಕೇಳಿಸದವಳಂತೆ ಎದ್ದು, ಗುರುವಾರ ಬರುತ್ತೇನೆ ಎಂದು ಹೊರಟುಹೋದಳು. ಕ್ಯಾಸೆಟ್ ಮೇಜಿನ ಮೇಲೆಯೇ ಉಳಿಯಿತು.

ಮಂಗಳವಾರ ಕ್ಯಾಸೆಟ್ ಬಿಚ್ಚಿದರೆ ಒಳಗೆ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ನಮ್ಮ ಕಡಲ ಬದಿಯ ಹವೆಗೆ ಚಪ್ಪಲಿಯೂ ಬೂಷ್ಟು ಹಿಡಿಯುತ್ತದೆ, ಟೇಪು ಯಾವ ಲೆಕ್ಕ. ಅಣ್ಣು ಮೆತ್ತನೆಯ ಬಟ್ಟೆಯಿಂದ ಮಧ್ಯಾಹ್ನದವರೆಗೆ ಒರೆಸಿ, ತನ್ನ ಹಳೆಯ ವಿ.ಸಿ.ಆರ್.ಗೆ ಹಾಕಿ ಕಂಪ್ಯೂಟರಿಗೆ ತಂತಿ ಜೋಡಿಸಿದ. ಚಿತ್ರ ಬಂತು, ಸಿನಿಮಾ ಹಾಡೂ ಬಂತು. ಎರಡು ನಿಮಿಷ ಓಡಿದ್ದೇ ಒಳಗೆ 'ಚರ್' ಎಂದು ಬೆಲ್ಟು ತುಂಡಾಯಿತು. ಆ ಬೆಲ್ಟು ಉಡುಪಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ ಎಂದು ಊರಿಗೆಲ್ಲ ಹೇಳುವವನೇ ಅವನು.

ಅಟ್ಟದ ಮೇಲೆ ಇನ್ನೊಂದು ವಿ.ಸಿ.ಆರ್. ಇತ್ತು. ಮಸ್ಕತ್ತಿನಲ್ಲಿದ್ದ ದೂಮಪ್ಪಣ್ಣ ಯಾವುದೋ ಕಾಲದಲ್ಲಿ ರಿಪೇರಿಗೆ ಕೊಟ್ಟು, ಅದನ್ನು ಮರೆತು ಹೊಸ ಟಿವಿ ಕೊಂಡಿದ್ದರು. ಹಲಸಿನ ಹಣ್ಣಿನಷ್ಟು ಭಾರದ ಪೆಟ್ಟಿಗೆ. ಅಣ್ಣು ಅದನ್ನು ಇಳಿಸಿ, ಬಿಚ್ಚಿ, ಹೆಡ್ಡನ್ನು ಸ್ಪಿರಿಟಿನಲ್ಲಿ ಒರೆಸಿ, ಗಟ್ಟಿಯಾದ ಗ್ರೀಸು ಕೆರೆದು ಹೊಸದು ಹಾಕಿದ. ಅಷ್ಟರಲ್ಲಿ ಬುಧವಾರ ಹತ್ತು ಗಂಟೆ ಆಗಿತ್ತು. ಕ್ಯಾಸೆಟ್ ಒಳಗೆ ತಳ್ಳಿದ.

ಚಿತ್ರ ಬಂತು. ಹಾಡು ಬರಲಿಲ್ಲ. ಅದರ ಬದಲು ಸ್ಪೀಕರಿನಿಂದ ಒಂದು ನಾಯಿ ಬೊಗಳಿತು.

ಅಣ್ಣು ಹೊರಗೆ ಇಣುಕಿದ. ರಸ್ತೆಯಲ್ಲಿ ನಾಯಿ ಇರಲಿಲ್ಲ. ಒಳಗೆ ಬಂದರೆ ಸ್ಪೀಕರಿನಲ್ಲಿ ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಕೊಂಕಣಿಯಲ್ಲಿ ಕರೆಯುವುದು, ಒಂದು ಮಗುವಿನ ಅಳು. ಬೇರೆ ಕ್ಯಾಸೆಟ್ ಹಾಕಿದೆನಾ ಎಂದು ತೆಗೆದು ನೋಡಿದ. ಅದೇ ಕ್ಯಾಸೆಟ್, ಅದೇ ಲೇಬಲ್. ಮತ್ತೆ ಹಾಕಿದ. ಮತ್ತೆ ನಾಯಿ. ಕಂಪ್ಯೂಟರಿನಲ್ಲಿ ಬೇರೇನೋ ತೆರೆದಿದೆಯೋ ಎಂದು ಎಲ್ಲ ಮುಚ್ಚಿದ. ತಂತಿಗಳನ್ನು ಕಿತ್ತು ಕೆಂಪು, ಬಿಳಿ, ಹಳದಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಮತ್ತೆ ಜೋಡಿಸಿದ. ನಿನ್ನೆ ಇದೇ ಜಾಗದಲ್ಲಿ ಇದೇ ಕಿವಿಯಿಂದ ಸಿನಿಮಾ ಹಾಡು ಕೇಳಿದವನು ಅವನು. ಒಂದು ಕ್ಯಾಸೆಟ್, ಎರಡು ಮೆಷಿನ್ನು, ಎರಡು ಸ್ವರ. ಮೂವತ್ತೈದು ವರ್ಷ ಇದೇ ಕೆಲಸ ಮಾಡಿದವನಿಗೆ ತಾನು ಕಲಿತದ್ದು ಏನು ಎಂಬುದೇ ಆ ಕ್ಷಣಕ್ಕೆ ಮರೆತುಹೋಯಿತು.

ಮೆಷಿನ್ನಿನ ಮುಂದಿನ ಮುಚ್ಚಳ ತೆಗೆದರೆ ಅಲ್ಲೊಂದು ಪುಟ್ಟ ಸ್ವಿಚ್ಚು. ಒಂದು ಕಡೆ ಹೈ-ಫೈ, ಇನ್ನೊಂದು ಕಡೆ ನಾರ್ಮಲ್. ಈಗ ಹೈ-ಫೈಯಲ್ಲಿತ್ತು. ನಾರ್ಮಲ್‌ಗೆ ತಳ್ಳಿದ. ಸಿನಿಮಾ ಹಾಡು ಬಂತು. ಹೈ-ಫೈಗೆ ತಳ್ಳಿದ. ನಾಯಿ, ಪಾತ್ರೆ, ಮಗು. ಅಣ್ಣು ಹತ್ತು ಸಲ ಆಚೆಗೆ ಈಚೆಗೆ ತಳ್ಳಿ, ಆಮೇಲೆ ಮಣಿಪಾಲಕ್ಕೆ ಫೋನು ಮಾಡಿದ. ಅಲ್ಲಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಲಕ್ಷಿತ್ ಆಗಾಗ ಅಂಗಡಿಗೆ ಬಂದು ಹಳೆಯ ಮೆಷಿನ್ನುಗಳನ್ನು ನೋಡಿ ಹೋಗುವವನು.

"ಅದರಲ್ಲಿ ಎಂತ ಆಶ್ಚರ್ಯ ಪೂಜಾರ್ರೇ?" ಎಂದ ಲಕ್ಷಿತ್. "ಮಾಮೂಲಿ ಸ್ವರ ಟೇಪಿನ ಅಂಚಿನಲ್ಲಿ ಒಂದು ಸಪೂರ ಗೆರೆಯಲ್ಲಿ ಇರ್ತದೆ. ಹೈ-ಫೈ ಮೆಷಿನ್ನು ಅದೇ ಸ್ವರವನ್ನು ಚಿತ್ರದ ಅಡಿಯಲ್ಲೂ ಇನ್ನೊಮ್ಮೆ ಬರೀತದೆ, ನಿಮ್ಮ ಹಳೆಯದರ ಹಾಗಿನ ಸಾದಾ ಮೆಷಿನ್ನಿಗೆ ಅದನ್ನು ಓದ್ಲಿಕ್ಕೆ ಬರುವುದಿಲ್ಲ. ನೀವು ಆಮೇಲೆ ಹಾಡು ಹಾಕುವಾಗ ಅಳಿಸಿದ್ದು ಅಂಚಿನದ್ದನ್ನು ಮಾತ್ರ. ಅಡಿಯದ್ದು ಹೋಗಬೇಕಾದ್ರೆ ಚಿತ್ರವೇ ಹೋಗಬೇಕು."

"ಹಾಗಾದ್ರೆ ರೋನಿಯ ಮೆಷಿನ್ನಿನಲ್ಲಿ ಮಾಡಿದ ಎಲ್ಲ ಕ್ಯಾಸೆಟ್ಟಿನಲ್ಲಿಯೂ..."

"ಅವರ ಮೆಷಿನ್ನು ಹೈ-ಫೈ ಆಗಿದ್ರೆ ಎಲ್ಲದರಲ್ಲಿಯೂ ಉಂಟು. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತಾ? ಫೋನು ಇಟ್ಟ ಮೇಲೆ ಅಣ್ಣುವಿಗೆ ಒಂದೊಂದೇ ನೆನಪಾಯಿತು. ಆ ಕಾಲದಲ್ಲಿ ಗಲ್ಫಿನಿಂದ ದೊಡ್ಡ ವಿ.ಸಿ.ಆರ್. ತಂದವರ ಮನೆಯಿಂದ ಸ್ಟುಡಿಯೊಕ್ಕೆ ದೂರು ಬರುತ್ತಿತ್ತು: ನೀವು ಹಾಡೇ ಹಾಕಲಿಲ್ಲ, ಬರೀ ಜನರ ಗಲಾಟೆ ಕೇಳುತ್ತದೆ. ರೋನಿ ಅಣ್ಣುವನ್ನು ಕಳಿಸುತ್ತಿದ್ದ. ಅಣ್ಣು ಹೋಗಿ ಆ ಪುಟ್ಟ ಸ್ವಿಚ್ಚನ್ನು ನಾರ್ಮಲ್‌ಗೆ ತಳ್ಳುತ್ತಿದ್ದ, ಹಾಡು ಬರುತ್ತಿತ್ತು, ಮನೆಯವರು ಚಹಾ ಕೊಡುತ್ತಿದ್ದರು. ಯಾರೂ ಮತ್ತೆ ಮುಟ್ಟದ ಹಾಗೆ ಸ್ವಿಚ್ಚಿನ ಮೇಲೆ ಒಂದು ತುಂಡು ಟೇಪು ಅಂಟಿಸಿ ಬರುತ್ತಿದ್ದ. ಗಲ್ಫಿನ ಮೆಷಿನ್ನಿನ ದೋಷ ಎಂದು ತಿಳಿದಿದ್ದ. ಸ್ವರ ಅಲ್ಲಿಯೇ ಇದೆ ಎಂದು ಹತ್ತು ಮನೆಯವರು ಬಂದು ಹೇಳಿದರೂ ಅದು ಇವನ ತಲೆಗೆ ಹೋಗಿರಲಿಲ್ಲ. ಆಮೇಲೆ ಎಷ್ಟು ಜನ ಈ ಅಂಗಡಿಗೆ ಬಂದು ಅಪ್ಪನ ಮಾತು, ಅಜ್ಜಿಯ ಸ್ವರ ಎಂದು ಕೇಳಿ, ರಟ್ಟು ನೋಡಿ ವಾಪಸು ಹೋದರು? ಅಣ್ಣು ಎದ್ದುಹೋಗಿ ಬಾಗಿಲ ರಟ್ಟನ್ನು ತೆಗೆದು, ಬರಹದ ಮುಖವನ್ನು ಗೋಡೆಗೆ ಮಾಡಿ ನಿಲ್ಲಿಸಿದ.

ಸ್ವಿಚ್ಚನ್ನು ಹೈ-ಫೈಯಲ್ಲಿಟ್ಟು ಟೇಪನ್ನು ಮುಂದಕ್ಕೆ ಓಡಿಸಿದ. ಚಪ್ಪರ, ಮಣೆಯ ಮೇಲೆ ತಲೆ ಬಗ್ಗಿಸಿ ಕೂತ ಮದುಮಗಳು, ತಲೆಯಿಂದ ಇಳಿಯುವ ಬಿಳಿ ಹಾಲು. ಪಕ್ಕದಲ್ಲಿ ಕೂತ ಎತ್ತರದ ಒಬ್ಬ ಹೆಂಗಸು, ಕಂದು ಬಣ್ಣದ ಸೀರೆ. ಜೆರ್ಟ್ರೂಡ್ ಬಾಯಮ್ಮ. ಅವಳು ಬಾಯಿ ತೆರೆದಳು. ಸ್ವಲ್ಪ ಒಡೆದ, ಗಟ್ಟಿ ಸ್ವರ. ಕ್ಯಾಥೊಲಿಕರ ಮದುವೆಗಳಲ್ಲಿ ಲೈಟು ಹಿಡಿದೂ ಹಿಡಿದೂ ಅಣ್ಣುವಿಗೆ ಕೊಂಕಣಿ ಸಾಕಷ್ಟು ತಿಳಿಯುತ್ತಿತ್ತು.

'ಬಾವಿಯ ನೀರು ಸೇದಿ ಮಲ್ಲಿಗೆಗೆ ಹೊಯ್ದೆ, ಮೊಗ್ಗು ಬಿರಿದದ್ದು ನನ್ನ ಅಂಗಳದಲ್ಲಿ. ಕಾಪುವಿನ ಮನೆಯವರೇ, ಇಗೊಳ್ಳಿ, ನಾನು ಕೊಡುವ...'

ಅಲ್ಲಿಗೆ ಒಂದು ಗಂಡಸಿನ ಸ್ವರ, ಕ್ಯಾಮೆರಾದ ತೀರ ಹತ್ತಿರದಿಂದ, ತುಳುವಿನಲ್ಲಿ ಅಡ್ಡ ಬಂತು; ಚಪ್ಪರದ ಆ ಗಲಾಟೆಯಲ್ಲಿ ಬಾಯಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ.

'ಬಾಯಮ್ಮ, ಸಾಕು ನಿಮ್ಮ ಹಾಡು. ಇದಕ್ಕೆ ನಾವು ಆಮೇಲೆ ಒಳ್ಳೆ ಹಾಡು ಹಾಕ್ಲಿಕ್ಕುಂಟು. ನೀವು ಸ್ವಲ್ಪ ಆಚೆ ಹೋಗಿ, ಲೈಟಿಗೆ ಅಡ್ಡ ಆಗ್ತದೆ.'

ಹೆಂಗಸಿನ ಬಾಯಿ ತೆರೆದದ್ದು ಹಾಗೆಯೇ ನಿಂತಿತು. ಅವಳು ಲೈಟಿನ ಕಡೆಗೆ ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದು, ಚಿತ್ರದಿಂದ ಹೊರಗೆ ಹೋದಳು.

ಅಣ್ಣುವಿಗೆ ಪಿತ್ತ ನೆತ್ತಿಗೇರಿತು. ಯಾರಪ್ಪಾ ಈ ಅಧಿಕಪ್ರಸಂಗಿ? ಹೆತ್ತ ತಾಯಿ ಮಗಳಿಗೆ ಹಾಡುವಾಗ ಬಾಯಿ ಹಾಕುವ ಈ ಮೂರ್ಖನಿಗೆ ಮನೆಯಲ್ಲಿ ಅಕ್ಕತಂಗಿ ಯಾರೂ ಇಲ್ಲವಾ? ಆ ದಿನಗಳಲ್ಲಿ ಲೈಟು ಹಿಡಿಯಲು ರೋನಿಯ ಹತ್ತಿರ ಮೂರು ನಾಲ್ಕು ಜನ ಇದ್ದರು. ಅವರಲ್ಲಿ ಯಾರು ಎಂದು ತಿಳಿಯಲು ಅಣ್ಣು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಸ್ವರದಲ್ಲಿ ದೊಡ್ಡ ದೌಲತ್ತು. ಸಪೂರ ಸ್ವರ, ಮೂಗಿನಿಂದ ಬಂದ ಹಾಗೆ. ಇನ್ನೊಮ್ಮೆ ಹಾಕಿದ.

ಪರದೆ ಸರಿಸಿ ಕುಶಲಾ ಚಹಾದ ಲೋಟ ಹಿಡಿದು ಬಂದಳು.

"ಎಂತ, ಒಬ್ಬರೇ ಕೂತು ಯಾರಿಗೆ ಜೋರು ಮಾಡುವುದು?"

"ನಾನೆಲ್ಲಿ ಜೋರು ಮಾಡಿದೆ?"

"ಈಗ ಹೇಳಿದ್ರಲ್ಲ, ಆಚೆ ಹೋಗಿ, ಲೈಟಿಗೆ ಅಡ್ಡ ಅಂತ. ಒಳಗೆ ಕೇಳ್ತಾ ಉಂಟು."

"ಅದು ಕ್ಯಾಸೆಟ್ಟಿನಲ್ಲಿ. ಯಾವನೋ ಒಬ್ಬ."

ಕುಶಲಾ ಲೋಟ ಕೆಳಗಿಟ್ಟಳು. "ಯಾವನೋ ಒಬ್ಬನಾ? ನೀವು ನನ್ನನ್ನು ನೋಡ್ಲಿಕ್ಕೆ ಬಂದ ದಿನ ಇದೇ ಸ್ವರದಲ್ಲಿ ನಮ್ಮಪ್ಪನ ಹತ್ತಿರ ಕಿಟಿಕಿ ತೆರೀರಿ, ಸೆಖೆ ಆಗ್ತದೆ ಅಂತ ಹೇಳಿದ್ರಿ. ನನಗೆ ಗೊತ್ತಾಗುವುದಿಲ್ವಾ?"

ಅಣ್ಣು ಇನ್ನೊಮ್ಮೆ ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಹೆಂಡತಿ ಹೇಳಿದ ಕೂಡಲೇ ಆ ಮೂಗಿನ ಸ್ವರ ಯಾರದೆಂದು ಅವನಿಗೇ ತಿಳಿದುಹೋಗಿತ್ತು. ಆದರೆ ನೆನಪು? ಆ ಚಪ್ಪರದ ನೆನಪು ಒಂದು ತುಣುಕೂ ಇಲ್ಲ. ನೂರಾರು ಚಪ್ಪರಗಳಲ್ಲಿ ಲೈಟು ಹಿಡಿದವನಿಗೆ ಇದು ಒಂದು. ಹೀಗೆ ಎಷ್ಟು ಜನರಿಗೆ ಆಚೆ ಹೋಗಿ ಎಂದಿದ್ದನೋ ಯಾರಿಗೆ ಗೊತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಗಾದೆ ಮಾಡಿದ್ದಾರೆ. ಆಡಿದ ಮಾತು ಹೋಗದೆ ಇಪ್ಪತ್ತೆಂಟು ವರ್ಷ ಚಿತ್ರದ ಅಡಿಯಲ್ಲಿ ಕೂತು ಎದುರಿಗೆ ಬಂದರೆ ಏನು ಮಾಡಬೇಕೆಂದು ಅವರು ಯಾರೂ ಹೇಳಿಲ್ಲ. ಚಹಾ ತಣಿದು ಮೇಲೆ ಕೆನೆ ಕಟ್ಟಿತು.

ಅವತ್ತು ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ದಾರಿಗಳೇನೋ ಇದ್ದವು. ಸ್ವಿಚ್ಚನ್ನು ನಾರ್ಮಲ್‌ಗೆ ತಳ್ಳಿ, ನಾನು ಹೇಳಿದ ಹಾಗೆಯೇ ಆಯಿತು ಅಕ್ಕ, ಸ್ವರ ಹೋಗಿದೆ ಎಂದರೆ ಮುಗಿಯಿತು. ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದು ಅದನ್ನೇ ತಾನೇ. ಆದರೆ ಆ ಹೆಂಗಸು ಶನಿವಾರ ಬಾಯಿ ಕಟ್ಟಿಕೊಂಡು ಕೂರುತ್ತಾಳೆ. ಇನ್ನೊಂದು, ಇದ್ದದ್ದನ್ನು ಇದ್ದ ಹಾಗೆ ಕೇಳಿಸುವುದು. ಅದಕ್ಕೆ ಎದೆ ಇರಲಿಲ್ಲ. ಮೂರನೆಯದು ಸಂಜೆಯ ಹೊತ್ತಿಗೆ ಹೊಳೆಯಿತು. ಕಂಪ್ಯೂಟರಿನಲ್ಲಿ ಹಾಡಿದಷ್ಟನ್ನು ಇಟ್ಟು, ಗಂಡಸಿನ ಸ್ವರ ಬರುವ ಮೊದಲೇ ಕತ್ತರಿಸಿಬಿಟ್ಟರೆ? ಅವಳಿಗೆ ತಾಯಿಯ ನುಡಿ ಸಿಗುತ್ತದೆ, ಇವನ ಮಾನವೂ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೂತು ಕತ್ತರಿಸಿದ. ಚೆನ್ನಾಗಿಯೇ ಬಂತು. ಕುಶಲಾಳ ಹತ್ತಿರ ಸರಿಯಾ ಎಂದು ಕೇಳಿದ. "ನನಗೆ ಗೊತ್ತಿಲ್ಲ," ಎಂದಳು ಅವಳು. "ಸರಿ ಆಗಿದ್ರೆ ನೀವು ಊಟ ಮಾಡ್ತಿದ್ರಿ."

ಗುರುವಾರ ಹನ್ನೊಂದು ಗಂಟೆಗೆ ಡುಲ್ಸಿನ್ ಬಂದಳು. ಬಾಗಿಲಲ್ಲಿ ರಟ್ಟು ಕಾಣದೆ ಒಂದು ಕ್ಷಣ ನಿಂತಳು. "ಸಿಕ್ಕಿತಾ?" ಎಂದು ಕೇಳಿದಳು.

"ಸಿಕ್ಕಿತು ಅಕ್ಕ. ಕೂತುಕೊಳ್ಳಿ."

ಕತ್ತರಿಸಿದ್ದನ್ನು ಹಾಕಿದ. ಒಡೆದ ಗಟ್ಟಿ ಸ್ವರ ಅಂಗಡಿಯಲ್ಲಿ ತುಂಬಿತು. ಬಾವಿ, ಮಲ್ಲಿಗೆ, ಅಂಗಳ. 'ಕಾಪುವಿನ ಮನೆಯವರೇ, ಇಗೊಳ್ಳಿ, ನಾನು ಕೊಡುವ.' ಅಲ್ಲಿಗೆ ನಿಂತಿತು. ಡುಲ್ಸಿನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಪರದೆಯ ಹಿಂದೆ ನಿಂತ ಕುಶಲಾಳೂ ಅತ್ತಳು. ಆಯಿತು, ಇಷ್ಟರಲ್ಲಿ ಎಲ್ಲರಿಗೂ ಒಳ್ಳೆಯದಾಯಿತು ಎಂದುಕೊಂಡ ಅಣ್ಣು.

"ಹರಸ್ಲಿಕ್ಕೆ ಹೊರಟಿದ್ದಳು," ಎಂದಳು ಡುಲ್ಸಿನ್, ಸೆರಗಿನಿಂದ ಮುಖ ಒರೆಸುತ್ತಾ. "ಇಗೊಳ್ಳಿ ಅಂತ ಹೇಳಿ, ಕೊಡುವ ಹೊತ್ತಿಗೆ ಮನಸ್ಸು ಬರಲಿಲ್ಲ ಅವಳಿಗೆ. ನಾಲಗೆ ತಿರುಗಲಿಲ್ಲ. ಹಾಗಾದ್ರೆ ಅತ್ತಿಗೆ ಹೇಳಿದ್ದೇ ನಿಜ."

ಅಣ್ಣು ಅವಳನ್ನೇ ನೋಡಿದ. ಇದು ಎಲ್ಲಿಂದ ಎಲ್ಲಿಗೆ ಹೋಯಿತು? ತಾನು ಒಳ್ಳೆಯದೆಂದು ಕತ್ತರಿಸಿದ ಜಾಗದಲ್ಲಿ ಅವಳು ತಾಯಿಯ ಹಟವನ್ನೇ ಕಂಡಳು. ಇದರ ಮೊದಲು ಅವಳಿಗೆ ಬರೀ ಅನುಮಾನ ಇತ್ತು, ಈಗ ಸಾಕ್ಷಿ ಸಿಕ್ಕಿತು, ಆ ಸಾಕ್ಷಿ ಮಾಡಿಕೊಟ್ಟವನು ತಾನು.

"ಹಾಗಲ್ಲ ಅಕ್ಕ."

"ಮತ್ತೆ ಹೇಗೆ?"

"ಇನ್ನೂ ಸ್ವಲ್ಪ ಉಂಟು."

ಕೈ ಕಂಪ್ಯೂಟರಿನ ಕಡೆಗೆ ಹೋಗಲಿಲ್ಲ. ಎದ್ದು ದೊಡ್ಡ ವಿ.ಸಿ.ಆರ್.ಗೆ ಕ್ಯಾಸೆಟ್ಟನ್ನೇ ಹಾಕಿದ. ಹೈ-ಫೈ. ಮದುಮಗಳು, ಹಾಲು, ಕಂದು ಸೀರೆ. ನುಡಿ ಮೊದಲಿನಿಂದ ಬಂತು. ಇಗೊಳ್ಳಿ, ನಾನು ಕೊಡುವ. 'ಬಾಯಮ್ಮ, ಸಾಕು ನಿಮ್ಮ ಹಾಡು.' ಅಣ್ಣು ನೆಲ ನೋಡುತ್ತಾ ನಿಂತಿದ್ದ. 'ನೀವು ಸ್ವಲ್ಪ ಆಚೆ ಹೋಗಿ, ಲೈಟಿಗೆ ಅಡ್ಡ ಆಗ್ತದೆ.'

"ಇದು ಯಾರು?" ಎಂದಳು ಡುಲ್ಸಿನ್.

"ನಾನು."

ಅವಳು ಬಯ್ಯುತ್ತಾಳೆ ಎಂದು ಕಾದ. ಬೈದಿದ್ದರೆ ಒಳ್ಳೆ ಇತ್ತು. ಅವಳು ಬಯ್ಯಲಿಲ್ಲ, ಇವನ ಮುಖವನ್ನೂ ನೋಡಲಿಲ್ಲ. ಎದುರಿನ ಚಿತ್ರದಲ್ಲಿ ತಾಯಿ ಸೆರಗು ಸರಿಮಾಡಿಕೊಂಡು ಎದ್ದು ಹೋಗುವುದನ್ನು ನೋಡುತ್ತಿದ್ದಳು.

"ಲೈಟಿಗೆ ಅಡ್ಡ ಆದದ್ದಾ?" ಎಂದಳು. "ಅಷ್ಟೇಯಾ?"

"ತಪ್ಪಾಯಿತು ಅಕ್ಕ. ನನಗೆ ನೆನಪು ಸಹ ಇಲ್ಲ."

"ನನ್ನ ಮೇಲೆ ಬೆಳಕು ಬೀಳ್ಲಿ ಅಂತ ಎದ್ದು ಹೋದದ್ದು." ಅವಳು ಅದನ್ನು ತನಗೇ ಹೇಳಿಕೊಂಡಂತಿತ್ತು. ಮತ್ತೆ ಹೇಳಿದಳು. "ಕೊನೆಯ ಎರಡು ವರ್ಷ ಅವಳು ಹಾಸಿಗೆ ಹಿಡಿದಿದ್ದಳು ಪೂಜಾರ್ರೇ. ಮಾತಿತ್ತು, ನೆನಪಿತ್ತು. ನಾನು ಪ್ರತಿ ಆದಿತ್ಯವಾರ ಕಾರ್ಕಳಕ್ಕೆ ಹೋಗಿ ಗಂಜಿ ಕುಡಿಸಿ, ತಲೆ ಬಾಚಿ ಬರ್ತಿದ್ದೆ. ಯಾಕೆ ನಿಲ್ಲಿಸಿದ್ದು ಮಾಂಯ್ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವಳೇ ಹೇಳಲಿ ಅಂತ ಕಾದೆ. ಅವಳಿಗೆ ಹೇಳ್ಲಿಕ್ಕೆ ಎಂತ ಇತ್ತು? ಲೈಟಿನವನು ಹೋಗು ಅಂದ, ಹೋದಳು. ಅವಳು ಅದನ್ನು ಆವತ್ತೇ ಮರೆತಿರ್ಬೇಕು."

ಕುಶಲಾ ಬಂದು ಅವಳ ಪಕ್ಕದಲ್ಲಿ ಕೂತಳು. ಹೊರಗೆ ಯಾರೋ ಬಂದು, ಸೆಟ್-ಟಾಪ್ ಬಾಕ್ಸಿನಲ್ಲಿ ಕೆಂಪು ಲೈಟು ಬಂದರೆ ಎಂತ ಎಂದು ಕೇಳಿದರು. ಅಣ್ಣು ಆಮೇಲೆ ಬನ್ನಿ ಎಂದು ಕೈ ಮಾಡಿದ.

ಕಣ್ಣು ಒರೆಸಿಕೊಂಡು ಡುಲ್ಸಿನ್ ಪೆನ್‌ಡ್ರೈವ್ ಕೊಡಿ ಎಂದಳು. ಅಣ್ಣು ಮೇಜಿನ ಮೇಲಿದ್ದದ್ದನ್ನು ಕೊಟ್ಟ.

"ಇದರಲ್ಲಿ ಯಾವುದುಂಟು?"

"ಮೊದಲು ಕೇಳಿದ್ದು. ನುಡಿ ಮಾತ್ರ. ನನ್ನ ಸ್ವರ ತೆಗೆದಿದ್ದೇನೆ, ಶನಿವಾರ ನಾಲ್ಕು ಜನರ ಎದುರು ಹಾಕುವಾಗ ಚಂದ ಇರ್ತದೆ ಅಂತ."

ಡುಲ್ಸಿನ್ ಅದನ್ನು ವಾಪಸು ಮೇಜಿನ ಮೇಲಿಟ್ಟಳು.

"ನಿಮ್ಮ ಸ್ವರ ಬೇಕು," ಎಂದಳು. "ಶನಿವಾರ ಅತ್ತಿಗೆ ಬರ್ತಾಳೆ, ಕಾರ್ಕಳದವರು ಎಲ್ಲ ಬರ್ತಾರೆ. ಅದನ್ನು ತೆಗೆದ್ರೆ ತಪ್ಪು ಮಾಂಯ್‌ದೇ ಆಗಿ ಉಳೀತದೆ. ಪೂರ್ತಿ ಹಾಕಿ ಕೊಡಿ, ಒಂದಕ್ಷರ ಬಿಡದೆ. ಮತ್ತೆ ನೀವಿಬ್ಬರೂ ಬರಬೇಕು ರೋಸಿಗೆ, ಆರು ಗಂಟೆಗೆ."

ಕರೆಯುತ್ತಿದ್ದಾಳೋ, ಕಟಕಟೆಗೆ ನಿಲ್ಲಿಸುತ್ತಿದ್ದಾಳೋ ಅಣ್ಣುವಿಗೆ ಬಗೆಹರಿಯಲಿಲ್ಲ. ಅವಳ ಮುಖ ನೋಡಿದ, ಅಲ್ಲಿಯೂ ತಿಳಿಯಲಿಲ್ಲ. ಕ್ಯಾಸೆಟ್ಟನ್ನು ಮೊದಲಿಗೆ ಓಡಿಸಿ ತಂತಿ ಸರಿಮಾಡಿದ. ತನ್ನ ಸ್ವರ ಬರುವ ಜಾಗದಲ್ಲಿ ಅದು ಸಣ್ಣಗೆ ಕೇಳೀತೋ ಏನೋ ಎಂದು ಒಮ್ಮೆ ಅನಿಸಿ, ಸ್ವಲ್ಪ ಜೋರು ಮಾಡಿದ.